ಕತ್ತಲೆಗೂ ಖಾತೆ ಆಯ್ತು

ಭೂಮಿಗೆ ಖಾತೆ ಇದೆ. ಕೆರೆಯಂಗಳಕ್ಕೂ ಹೇಗೋ ಖಾತೆ ಆಗುತ್ತದೆ. ಗಾಳಿಯಲ್ಲಿ ಹಾರುವ ತರಂಗಗಳನ್ನು ಸರ್ಕಾರವೇ ಹರಾಜು ಹಾಕುತ್ತದೆ. ಯಾರ ಹೆಸರಿಗೂ ಆಗದೆ ಅನಾಥವಾಗಿ ಬಿದ್ದಿದ್ದದ್ದು ಕತ್ತಲೆ ಒಂದೇ. 2016ರ ಆರಂಭದಲ್ಲಿ ಆ ಕೆಲಸವೂ ಮುಗಿಯಿತು. ಮುಂಬೈಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ನೆಲೆಸಿ, ಅಲ್ಲಿ ‘ಸರ್’ ಎನಿಸಿಕೊಂಡ ಶಿಲ್ಪಿ ಅನೀಶ್ ಕಪೂರ್ ಅವರು ವಾಂಟಾಬ್ಲ್ಯಾಕ್ ಎಂಬ ಕಡುಗಪ್ಪು ಲೇಪವನ್ನು ಕಲೆಗೆ ಬಳಸುವ ಹಕ್ಕನ್ನು ಒಬ್ಬರೇ ಪಡೆದಿದ್ದಾರೆ ಎಂಬ ಸುದ್ದಿ ಹೊರಬಿತ್ತು. ಬೇರೆ ಯಾವ ಕಲಾವಿದರೂ ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಕೆಟ್ಟೇ ಹೋಗುವ ವಸ್ತು ಅದಾದ್ದರಿಂದ ಕಪೂರರೂ ಮುಟ್ಟುವಂತಿಲ್ಲ ಎಂಬುದಷ್ಟೇ ಉಳಿದವರಿಗೆ ಸಮಾಧಾನ.

ಈ ಕಪೂರರೇ ಷಿಕಾಗೊ ನಗರದ ನಡುಮಧ್ಯೆ ‘ಕ್ಲೌಡ್ ಗೇಟ್’ ನಿಲ್ಲಿಸಿದವರು. ಉಜ್ಜಿ ಉಜ್ಜಿ ಹೊಳಪು ಕೊಟ್ಟ ಉಕ್ಕಿನ ಆ ಮಹಾ ಗುಳ್ಳೆಯಲ್ಲಿ ಇಡೀ ಊರು, ಮೋಡ, ಸೆಲ್ಫಿ ತೆಗೆಯುವ ಜನ ಎಲ್ಲ ಕಾಣುತ್ತಾರೆ. ಎಲ್ಲವನ್ನೂ ಪ್ರತಿಫಲಿಸಿ ಹೆಸರು ಮಾಡಿದವರಿಗೆ ಏನನ್ನೂ ಪ್ರತಿಫಲಿಸದ ವಸ್ತುವಿನ ಮೇಲೆ ಮನಸ್ಸಾಯಿತು. ಬೆಳಕಿನ ಅಂಗಡಿ ಚೆನ್ನಾಗಿ ನಡೆದ ಮೇಲೆ ಕತ್ತಲೆಯ ಶಾಖೆ ತೆರೆಯುವುದು ವ್ಯಾಪಾರದ ನಿಯಮ.

ಅಷ್ಟಕ್ಕೂ ಕಪೂರರಿಗೆ ಸಿಕ್ಕಿದ್ದೇನು? ಇಂಗ್ಲೆಂಡಿನ ದಕ್ಷಿಣ ಕರಾವಳಿಯ ನ್ಯೂಹೇವನ್ ಎಂಬ ಊರಿನ ಸರ್ರೆ ನ್ಯಾನೊಸಿಸ್ಟಮ್ಸ್ ಕಂಪನಿ 2014ರಲ್ಲಿ ಈ ಕಪ್ಪನ್ನು ಲೋಕಕ್ಕೆ ತೋರಿಸಿತು. ತೋರಿಸಿತು ಎನ್ನುವುದಕ್ಕಿಂತ, ಅಲ್ಲಿ ಏನೂ ಕಾಣುವುದಿಲ್ಲ ಎಂಬುದನ್ನು ತೋರಿಸಿತು. ಸುಕ್ಕುಗಟ್ಟಿದ ಅಲ್ಯೂಮಿನಿಯಮ್ ಹಾಳೆಗೆ ಇದನ್ನು ಲೇಪಿಸಿದರೆ ಸುಕ್ಕೆಲ್ಲ ಮಾಯ. ಉಳಿಯುವುದು ಚಪ್ಪಟೆ ಕಪ್ಪು ರಂಧ್ರ. ಮುಖದ ಸುಕ್ಕಿಗೆ ಕ್ರೀಮು ಮಾರುವವರು ಇದನ್ನು ಇನ್ನೂ ಗಮನಿಸಿದಂತಿಲ್ಲ.

ಇದು ಡಬ್ಬಿಯಲ್ಲಿ ಕಲಸಿ ಕುಂಚದಲ್ಲಿ ಬಳಿಯುವ ಬಣ್ಣವೇ ಅಲ್ಲ. ಮೂಲ ವಾಂಟಾಬ್ಲ್ಯಾಕ್ ಅನ್ನು 400 ಡಿಗ್ರಿಗೂ ಮಿಕ್ಕಿದ ಶಾಖದಲ್ಲಿ, ಅನಿಲದಿಂದ, ಲೋಹದ ಮೈಮೇಲೆ ಬೆಳೆಸುತ್ತಾರೆ. ಬೆಳೆಯುವುದು ಇಂಗಾಲದ ನ್ಯಾನೊಕೊಳವೆಗಳು. ಒಂದೊಂದರ ದಪ್ಪ ಸುಮಾರು 20 ನ್ಯಾನೊಮೀಟರ್. ನಮ್ಮ ಒಂದು ತಲೆಗೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಸಿಗಬಹುದಾದ ಒಂದು ಪಾಲು. ಒಂದು ಚದರ ಸೆಂಟಿಮೀಟರಿನಲ್ಲಿ ಇಂಥವು ಸುಮಾರು 100 ಕೋಟಿ, ಎಲ್ಲವೂ ನೆಟ್ಟಗೆ ನಿಂತಿವೆ. ಮಲೆನಾಡಿನ ಅಡಿಕೆ ತೋಟವನ್ನು ನೆನೆದುಕೊಳ್ಳಿ. ಕಾಂಡದ ದಪ್ಪ ಅರ್ಧ ಅಡಿ ಎಂದಿಟ್ಟುಕೊಂಡರೆ, ಈ ತೋಟದ ಲೆಕ್ಕದಲ್ಲಿ ಮರದ ಎತ್ತರ ಕಡಿಮೆಯೆಂದರೂ 350 ಅಡಿ. ಮೇಲಿನಿಂದ ಬಿದ್ದ ಬಿಸಿಲು ಒಂದು ಕಾಂಡಕ್ಕೆ ತಾಗಿ ಸ್ವಲ್ಪ ಕಳೆದುಕೊಂಡು ಪಕ್ಕದ ಕಾಂಡಕ್ಕೆ ಜಾರುತ್ತದೆ, ಅಲ್ಲಿ ಇನ್ನಷ್ಟು ಕಳೆದುಕೊಳ್ಳುತ್ತದೆ. ಹೀಗೆ ತಡಕಾಡುತ್ತಲೇ ಶಾಖವಾಗಿ ಕರಗಿಹೋಗುತ್ತದೆ. ವಾಪಸು ಬರುವ ದಾರಿ ಸಿಗುವುದು ನೂರರಲ್ಲಿ 0.035 ಪಾಲಿಗೆ ಮಾತ್ರ.

ಇಲ್ಲೊಂದು ಸ್ವಾರಸ್ಯವಿದೆ. ಈ ತೋಟದ ನೂರಕ್ಕೆ 99 ಪಾಲಿಗೂ ಹೆಚ್ಚು ಬರೀ ಖಾಲಿ ಜಾಗ. ಅಂದರೆ ಕಪೂರರಿಗೆ ಏಕಸ್ವಾಮ್ಯ ಸಿಕ್ಕಿದ್ದು ಬಹುಪಾಲು ಏನೂ ಇಲ್ಲದಿರುವುದರ ಮೇಲೆ. ಖಾಲಿ ಜಾಗವನ್ನು ಇಷ್ಟು ದುಬಾರಿ ಮಾಡುವ ವಿದ್ಯೆ ಬೆಂಗಳೂರಿನ ಬಡಾವಣೆ ಬ್ರೋಕರುಗಳಿಗೂ ಒಲಿದಿಲ್ಲ.

ಏನೂ ಇಲ್ಲದಿರುವುದರಿಂದ ಕಪ್ಪು ಮಾಡುವುದು ಹಳೆಯ ವಿದ್ಯೆಯೇ. 1860ರಲ್ಲಿ ಕಿರ್ಚಾಫ್ ಎಂಬ ಜರ್ಮನ್ ಭೌತವಿಜ್ಞಾನಿ, ಬಿದ್ದ ಬೆಳಕನ್ನೆಲ್ಲ ನುಂಗುವ ಆದರ್ಶ ಕಪ್ಪು ಕಾಯವನ್ನು ಕಲ್ಪಿಸಿದ. ಅಂಥದ್ದನ್ನು ಪ್ರಯೋಗಾಲಯದಲ್ಲಿ ಮಾಡುವ ಸುಲಭೋಪಾಯ ಅತ್ಯಂತ ಅಗ್ಗದ್ದು: ಮುಚ್ಚಿದ ಪೆಟ್ಟಿಗೆಗೆ ಸಣ್ಣದೊಂದು ತೂತು. ಒಳಹೊಕ್ಕ ಬೆಳಕು ಗೋಡೆಯಿಂದ ಗೋಡೆಗೆ ಬಡಿದು ಅಲ್ಲೇ ಮುಗಿಯುತ್ತದೆ. ಅಂಥ ತೂತಿನಿಂದ ಹೊರಸೂಸುವ ಶಾಖದ ಲೆಕ್ಕ ಸರಿಹೊಂದದೆ ತಲೆಕೆಡಿಸಿಕೊಂಡ ಮ್ಯಾಕ್ಸ್ ಪ್ಲಾಂಕ್ 1900ರಲ್ಲಿ ಕ್ವಾಂಟಮ್ ಎಂಬ ಬಾಗಿಲನ್ನೇ ತೆರೆದರು. ತೂತಿನ ಮೇಲೆ ಅವರು ಹಕ್ಕು ಸ್ಥಾಪಿಸಲಿಲ್ಲ.

ಕಪೂರರಿಗೂ ತೂತು ಹೊಸದೇನಲ್ಲ. 1992ರ ಅವರ ‘ಡಿಸೆಂಟ್ ಇನ್‌ಟು ಲಿಂಬೊ’ ಎಂಬ ಕೃತಿ ಕೋಣೆಯೊಂದರ ನೆಲದಲ್ಲಿ ಕೊರೆದ, ಒಳಗೆಲ್ಲ ಕಪ್ಪು ಬಳಿದ, ಸುಮಾರು ಎರಡೂವರೆ ಮೀಟರ್ ಆಳದ ಗುಂಡಿ. ಅದರಲ್ಲಿ ವಾಂಟಾಬ್ಲ್ಯಾಕ್ ಇಲ್ಲ. ನೋಡುವವರಿಗೆ ಅದು ಗುಂಡಿಯೋ, ನೆಲಕ್ಕೆ ಬಳಿದ ವೃತ್ತವೋ ತಿಳಿಯದು. 2018ರಲ್ಲಿ ಪೋರ್ಚುಗಲ್‌ನ ಪೋರ್ಟೊ ನಗರದ ಸೆರ‍್ರಾಲ್ವೆಸ್ ಮ್ಯೂಸಿಯಮ್ಮಿನಲ್ಲಿ ಪ್ರೇಕ್ಷಕರೊಬ್ಬರು ಅದರೊಳಗೆ ಬಿದ್ದು ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಹೋದರು. ಸಮಕಾಲೀನ ಕಲೆಯ ಆಳಕ್ಕೆ ಇಳಿದಿದ್ದೇವೆ ಎನ್ನುವ ವಿಮರ್ಶಕರು ಬಹಳ ಮಂದಿ. ನಿಜವಾಗಿ ಇಳಿದವರು ಇವರೊಬ್ಬರೇ.

ಏಕಸ್ವಾಮ್ಯದ ಸುದ್ದಿ ಬಂದ ವರ್ಷದ ಕೊನೆಗೆ ಯುದ್ಧ ಘೋಷಣೆಯಾಯಿತು. ಸ್ಟುವರ್ಟ್ ಸೆಂಪಲ್ ಎಂಬ ಇನ್ನೊಬ್ಬ ಬ್ರಿಟಿಷ್ ಕಲಾವಿದರು ಗುಲಾಬಿಗಳಲ್ಲೇ ಅತಿ ಗುಲಾಬಿ ಎಂದು ಹೇಳಿಕೊಂಡ ಬಣ್ಣದ ಪುಡಿಯನ್ನು 3.99 ಪೌಂಡಿಗೆ ಮಾರಾಟಕ್ಕಿಟ್ಟರು. ಯಾರು ಬೇಕಾದರೂ ಕೊಳ್ಳಬಹುದು, ಒಬ್ಬರನ್ನು ಬಿಟ್ಟು. ಕೊಳ್ಳುವವರು ತಾವು ಅನೀಶ್ ಕಪೂರ್ ಅಲ್ಲ, ಕಪೂರರ ಕಡೆಯವರೂ ಅಲ್ಲ, ತಮಗೆ ತಿಳಿದಮಟ್ಟಿಗೆ ಈ ಪುಡಿ ಅವರ ಕೈ ಸೇರುವುದೂ ಇಲ್ಲ ಎಂದು ಒಪ್ಪಿಕೊಂಡೇ ಕೊಳ್ಳಬೇಕು. ಜಾತಿಗೊಂದು, ಆದಾಯಕ್ಕೊಂದು, ಬದುಕಿರುವುದಕ್ಕೊಂದು ಪ್ರಮಾಣಪತ್ರ ಕೇಳುವ ನಮ್ಮ ನಾಡಕಚೇರಿಗಳಿಗೂ ‘ಅನೀಶ್ ಕಪೂರ್ ಅಲ್ಲದ ಪ್ರಮಾಣಪತ್ರ’ ಹೊಳೆದಿರಲಿಲ್ಲ.

ಡಿಸೆಂಬರಿನಲ್ಲಿ ಕಪೂರರು ಉತ್ತರ ಕೊಟ್ಟರು. ತಮ್ಮ ನಡುಬೆರಳನ್ನು ಅದೇ ಗುಲಾಬಿ ಪುಡಿಯಲ್ಲಿ ಅದ್ದಿ, ಎತ್ತಿ ಹಿಡಿದು, ಚಿತ್ರವನ್ನು ಇನ್‌ಸ್ಟಾಗ್ರಾಮಿಗೆ ಹಾಕಿದರು. ‘ಸರ್’ ಪದವಿಯ ಗೌರವಕ್ಕೆ ತಕ್ಕ ಸಂಕ್ಷಿಪ್ತ ಉತ್ತರ. ಸೆಂಪಲ್ ಸುಮ್ಮನಿರಲಿಲ್ಲ, ಗಾಜಿನ ಚೂರುಗಳಿಂದ ಮಾಡಿದ ಮಿನುಗುಪುಡಿಯನ್ನು ಮಾರುಕಟ್ಟೆಗೆ ಬಿಟ್ಟರು. ಈ ಸಲ ಬೆರಳು ಅದ್ದುವವರು ಬ್ಯಾಂಡೇಜನ್ನೂ ಜೊತೆಗಿಟ್ಟುಕೊಳ್ಳಬೇಕು. ಆಮೇಲೆ 2017ರಲ್ಲಿ ‘ಬ್ಲ್ಯಾಕ್ 2.0’, 2019ರಲ್ಲಿ ‘ಬ್ಲ್ಯಾಕ್ 3.0’, ಸಾಮಾನ್ಯರ ಕೈಗೆಟಕುವ, ಕುಂಚದಲ್ಲೇ ಬಳಿಯಬಹುದಾದ ಕಪ್ಪು. 2024ರಲ್ಲಿ ಸೆಂಪಲ್ ಒಂದು ಹೆಜ್ಜೆ ಮುಂದೆ ಹೋಗಿ ಕಾನೂನುಬದ್ಧವಾಗಿ ತಮ್ಮ ಹೆಸರನ್ನೇ ಅನೀಶ್ ಕಪೂರ್ ಎಂದು ಬದಲಾಯಿಸಿಕೊಂಡರು. ಆ ಷರತ್ತನ್ನು ಅಕ್ಷರಶಃ ಪಾಲಿಸಿದರೆ ಅವರ ಬಣ್ಣವನ್ನು ಅವರೇ ಕೊಳ್ಳುವಂತಿಲ್ಲ. ತತ್ವಕ್ಕಾಗಿ ಇಷ್ಟು ದೊಡ್ಡ ತ್ಯಾಗ ಮಾಡಿದವರು ಇತ್ತೀಚೆಗೆ ಕಡಿಮೆ.

ಕಲಾವಿದರು ಕಿತ್ತಾಡಿದರೆ ಕಿತ್ತಾಡಲಿ, ವಿಜ್ಞಾನಿಗಳಾದರೂ ನೆಮ್ಮದಿಯಿಂದ ಇದ್ದರೇ? ಅವರದು ದಶಮಾಂಶದ ಕುಸ್ತಿ. ಈ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯ ನಿಕಲ್ ಮತ್ತು ರಂಜಕದ ಲೇಪವನ್ನು ಆಮ್ಲದಲ್ಲಿ ಕೊರೆದು, ಬೆಳಕಿನ ನೂರರಲ್ಲಿ 0.35 ಪಾಲನ್ನು ಮಾತ್ರ ಹಿಂತಿರುಗಿಸುವ ಕಪ್ಪನ್ನು ಮಾಡಿತು. 2008ರಲ್ಲಿ ಅಮೆರಿಕದ ರೆನ್ಸಲೇರ್ ಸಂಸ್ಥೆಯಲ್ಲಿ ಕೇರಳ ಮೂಲದ ಪುಳಿಕ್ಕಲ್ ಅಜಯನ್ ಮತ್ತು ಷಾನ್-ಯು ಲಿನ್ ಅವರ ತಂಡ ನ್ಯಾನೊಕೊಳವೆಗಳಿಂದ ಅದನ್ನು 0.045ಕ್ಕೆ ಇಳಿಸಿ ಗಿನ್ನೆಸ್ ಪುಸ್ತಕ ಸೇರಿತು. ಸರ್ರೆಯವರು 0.035 ಎಂದರು. 2016ರಲ್ಲಿ ಅವರೇ, ಯಾವ ಸ್ಪೆಕ್ಟ್ರೋಮೀಟರಿಗೂ ಅಳೆಯಲು ಬಾರದ ಇನ್ನೊಂದು ಕಪ್ಪು ಮಾಡಿದ್ದೇವೆ ಎಂದು ಸಾರಿದರು. ಸಾಧನೆ ಅಳತೆಗೆ ಸಿಗುವುದಿಲ್ಲ ಎನ್ನುವ ಮಾತು ನಮ್ಮ ಬಜೆಟ್ ಭಾಷಣಗಳಿಂದ ಪರಿಚಿತವೇ. 2019ರಲ್ಲಿ ಎಂಐಟಿಯವರು 0.005 ಎಂದು ಕೂಗಿದರು. ಹಿಂತಿರುಗುವ ಬೆಳಕು ಏಳನೇ ಒಂದು ಪಾಲಾಯಿತು, ನಿಜ. ಆದರೆ ಇವೆರಡನ್ನೂ ಅಕ್ಕಪಕ್ಕ ಇಟ್ಟು ಯಾವುದು ಹೆಚ್ಚು ಕಪ್ಪು ಎಂದು ಬರಿಗಣ್ಣಿಗೆ ಕೇಳಿದರೆ ಕಣ್ಣು ಕೈ ಎತ್ತುತ್ತದೆ. ಯಾರಿಗೂ ಕಾಣದ ವ್ಯತ್ಯಾಸಕ್ಕಾಗಿ ಎಲ್ಲರಿಗೂ ಕಾಣುವಂಥ ಸ್ಪರ್ಧೆ.

ಎಂಐಟಿಯ ಬ್ರಯನ್ ವಾರ್ಡ್ಲ್ ಮತ್ತು ಕೆಹಾಂಗ್ ಕುಯ್ ಅವರಿಗಂತೂ ಕಪ್ಪು ಬೇಕೇ ಇರಲಿಲ್ಲ. ಅವರು ಅಲ್ಯೂಮಿನಿಯಮ್ಮಿನ ಮೇಲೆ ನ್ಯಾನೊಕೊಳವೆ ಬೆಳೆಸಿ ವಿದ್ಯುತ್ತು ಮತ್ತು ಶಾಖ ಚೆನ್ನಾಗಿ ಹರಿಯುವ ವಸ್ತು ಮಾಡಲು ಹೊರಟಿದ್ದರು. ಗಾಳಿ ಸೋಕಿದೊಡನೆ ಅಲ್ಯೂಮಿನಿಯಮ್ ಮೇಲೆ ಕಟ್ಟುವ ಆಕ್ಸೈಡ್ ಪದರ ಅಡ್ಡ ಬರುತ್ತಿತ್ತು. ಅದನ್ನು ಕಳಚಲು ಅಡುಗೆಮನೆಯ ಉಪ್ಪುನೀರೇ ಸಾಕಾಯಿತು. ಹಾಗೆ ಬೆಳೆದ ಹಾಳೆ ವಿಪರೀತ ಕಪ್ಪಾಗಿ ಕಂಡಿತು, ಅಳೆದರು, ದಾಖಲೆ. ಉಪ್ಪಿನಿಂದ ಇಷ್ಟು ದೊಡ್ಡ ಸುದ್ದಿ ದಂಡಿಯ ನಂತರ ಇದೇ ಇರಬೇಕು.

ಆಮೇಲೆ ನಡೆದದ್ದು ಪವಾಡ. ಎಂಐಟಿಯ ಅತಿಥಿ ಕಲಾವಿದೆ ಡೀಮುಟ್ ಸ್ಟ್ರೇಬೆ ಅವರ ಕೃತಿಗಾಗಿ 16.78 ಕ್ಯಾರೆಟ್ಟಿನ, 20 ಲಕ್ಷ ಡಾಲರ್ ಬೆಲೆಯ ಹಳದಿ ವಜ್ರಕ್ಕೆ ಈ ಕಪ್ಪನ್ನು ಹೊದಿಸಿದರು. ವಜ್ರವೂ ಇಂಗಾಲ, ಕೊಳವೆಯೂ ಇಂಗಾಲ. ಒಂದು ಬೆಳಕನ್ನು ಕುಣಿಸುತ್ತದೆ, ಇನ್ನೊಂದು ನುಂಗುತ್ತದೆ. ಅಣ್ಣನ ಹೊಳಪನ್ನು ತಮ್ಮ ಸಂಪೂರ್ಣ ಅಳಿಸಿಹಾಕಿದ. ಪ್ರದರ್ಶನ ಎಲ್ಲಿ ಗೊತ್ತೇ? ನ್ಯೂಯಾರ್ಕ್ ಷೇರುಪೇಟೆಯಲ್ಲಿ. 20 ಲಕ್ಷ ಡಾಲರ್ ಕಣ್ಣೆದುರೇ ಮಾಯವಾಗುವುದನ್ನು ನೋಡಿ ಅಲ್ಲಿನವರು ಬೆರಗಾಗಲು ಕಾರಣವೇ ಇಲ್ಲ. ಈ ಕಪ್ಪನ್ನು ವ್ಯಾಪಾರಕ್ಕಲ್ಲದೆ ಕಲೆಗೆ ಬಳಸುವುದಾದರೆ ಯಾವ ಕಲಾವಿದರಿಗೂ ಮುಕ್ತ ಎಂದು ಎಂಐಟಿ ಕಡೆಯವರು ಹೇಳಿದ್ದು ಮಾತ್ರ ಈ ಕತೆಯಲ್ಲಿ ಸಿಗುವ ಅಪರೂಪದ ದೊಡ್ಡತನ.

ಉಳಿದವರಿಗೆ ಅಷ್ಟು ಸಂಕೋಚವಿಲ್ಲ. 2018ರ ಚಳಿಗಾಲದ ಒಲಿಂಪಿಕ್ಸಿಗೆ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಹ್ಯುಂಡೈ ಕಂಪನಿ ವಾಸ್ತುಶಿಲ್ಪಿ ಆಸಿಫ್ ಖಾನ್ ಅವರಿಂದ ವಾಂಟಾಬ್ಲ್ಯಾಕ್ ಮೈಯ ಮಂಟಪ ಕಟ್ಟಿಸಿತು. 2019ರಲ್ಲಿ ಬಿಎಂಡಬ್ಲ್ಯು ತನ್ನ ಎಕ್ಸ್6 ಕಾರಿಗೆ ಇದರದೇ ಒಂದು ಸಿಂಪಡಿಸುವ ಬಗೆಯನ್ನು ಹೊದಿಸಿ ಫ್ರಾಂಕ್‌ಫರ್ಟ್ ಮೇಳಕ್ಕೆ ಒಯ್ದಿತು. ವಿನ್ಯಾಸಕಾರರು ವರ್ಷಗಟ್ಟಲೆ ಕೂತು ತಿದ್ದಿದ ಉಬ್ಬು, ಬಾಗು, ಗೆರೆ ಎಲ್ಲ ಒಂದೇ ಏಟಿಗೆ ಅಳಿಸಿಹೋದವು. ಹಾಗಾಗಿ ನೂರಕ್ಕೆ ಒಂದು ಪಾಲಿನಷ್ಟು ಬೆಳಕು ವಾಪಸು ಬರುವ, ಸ್ವಲ್ಪ ಕಡಿಮೆ ಕಪ್ಪಿನ ನಮೂನೆಯನ್ನೇ ಆರಿಸಿಕೊಂಡರು. ಪೂರ್ತಿ ಕಾಣದಂತಾಗಬಾರದು, ಕಾಣುತ್ತಿಲ್ಲ ಎಂಬುದು ಮಾತ್ರ ಎಲ್ಲರಿಗೂ ಚೆನ್ನಾಗಿ ಕಾಣಬೇಕು. ಕಾರು ಮಾರಾಟಕ್ಕಿರಲಿಲ್ಲ. ರಾತ್ರಿ ಹೆದ್ದಾರಿಯಲ್ಲಿ ಹಿಂದಿನ ದೀಪವಿಲ್ಲದೆ ನಿಲ್ಲುವ ನಮ್ಮ ಲಾರಿಗಳು ಅದೇ ಪರಿಣಾಮವನ್ನು ಖರ್ಚಿಲ್ಲದೆ ಸಾಧಿಸಿವೆ.

ಇದರ ಸಾರ ಇಷ್ಟೇ: ಲೋಕದಲ್ಲಿ ಕಾಣದಂತೆ ಮಾಡಲು ಹುಟ್ಟಿದ ವಸ್ತು ಕೈಗೆ ಸಿಕ್ಕಿದೊಡನೆ ಎಲ್ಲರೂ ಅದನ್ನು ಬಳಿದುಕೊಂಡು ಕಾಣಿಸಿಕೊಳ್ಳಲು ಓಡಿದರು. ಬೆಳಕನ್ನು ನುಂಗುವ ಲೇಪಕ್ಕೆ ಕ್ಯಾಮೆರಾ ಬೆಳಕಿನ ಮೇಲೆ ಇರುವ ಹಸಿವು ಹೇಳತೀರದು.

ಪ್ರಕೃತಿ ಈ ವಿದ್ಯೆಯನ್ನು ಯಾವ ಪತ್ರಿಕಾಗೋಷ್ಠಿಯೂ ಇಲ್ಲದೆ ಕಲಿತಿತ್ತು. ಆಳಸಮುದ್ರದಲ್ಲಿ ಕಡುಗಪ್ಪು ಮೀನುಗಳಿವೆ. ಸೂರ್ಯನ ಬೆಳಕು ಇಳಿಯದ ಅಲ್ಲಿ ಬೇಟೆಗಾರ ಮೀನುಗಳೇ ತಮ್ಮ ಮೈಯಿಂದ ಬೆಳಕು ಚೆಲ್ಲಿ ಊಟ ಹುಡುಕುತ್ತವೆ. ಚರ್ಮದಲ್ಲಿ ಮೆಲನಿನ್ ಕಣಗಳನ್ನು ತಕ್ಕ ಗಾತ್ರದಲ್ಲಿ, ತಕ್ಕ ಆಕಾರದಲ್ಲಿ ಒತ್ತೊತ್ತಾಗಿ ತುಂಬಿಕೊಂಡ ಈ ಮೀನುಗಳು ಬಿದ್ದ ಬೆಳಕಿನ ನೂರಕ್ಕೆ 99.5 ಪಾಲಿಗೂ ಹೆಚ್ಚನ್ನು ನುಂಗಿ ಜೀವ ಉಳಿಸಿಕೊಳ್ಳುತ್ತವೆ. ಸ್ಮಿತ್ಸೋನಿಯನ್ ಸಂಸ್ಥೆಯ ಕ್ಯಾರೆನ್ ಆಸ್ಬರ್ನ್ ಅವರಿಗೆ ಇದು ತಿಳಿದದ್ದು ಫೋಟೊ ತೆಗೆಯಲು ಹೋದಾಗ. ಎಷ್ಟು ದೀಪ ಹಾಕಿದರೂ ಚಿತ್ರದಲ್ಲಿ ಬರೀ ನೆರಳು. 2020ರಲ್ಲಿ ಅಧ್ಯಯನ ಪ್ರಕಟವಾಯಿತು. ಫೋಟೊಕ್ಕೆ ಸಿಗಬಾರದೆಂದು ಇಷ್ಟು ಕಷ್ಟಪಡುವ ಪ್ರಾಣಿಯೂ ಈ ಲೋಕದಲ್ಲಿದೆ ಎಂದರೆ ನಮ್ಮ ಫ್ಲೆಕ್ಸ್ ನಾಯಕರು ನಂಬಲಿಕ್ಕಿಲ್ಲ.

ಇನ್ನೊಂದು ಪಂಗಡ ನ್ಯೂಗಿನಿಯ ಸ್ವರ್ಗದ ಹಕ್ಕಿಗಳದು. ಗಂಡುಹಕ್ಕಿಯ ಕೆಲವು ಗರಿಗಳು ಬೆಳಕಿನ 99.95 ಪಾಲಿನವರೆಗೆ ನುಂಗುತ್ತವೆ ಎಂದು 2018ರಲ್ಲಿ ಡಕೋಟಾ ಮೆಕಾಯ್ ಮತ್ತು ಸಂಗಡಿಗರು ತೋರಿಸಿದರು. ಗರಿಯ ಸೂಕ್ಷ್ಮ ಎಳೆಗಳು ನಯವಾಗಿ ಮಲಗದೆ ಮುಳ್ಳುಮುಳ್ಳಾಗಿ ಮೇಲಕ್ಕೆ ಬಾಗಿ ನಿಂತಿರುವುದೇ ಗುಟ್ಟು. ಸೂಕ್ಷ್ಮದರ್ಶಕಕ್ಕೆಂದು ಆ ಗರಿಗೆ ಚಿನ್ನದ ತೆಳು ಲೇಪ ಕೊಟ್ಟಾಗಲೂ ಅದು ಕಪ್ಪಾಗಿಯೇ ಕಂಡಿತು. ಚಿನ್ನ ಬಳಿದ ಮಾತ್ರಕ್ಕೆ ಒಳಗಿನ ಗುಣ ಮುಚ್ಚಿಹೋಗದು ಎಂಬುದಕ್ಕೆ ಇನ್ನೆಂಥ ಪುರಾವೆ ಬೇಕು! ಆದರೆ ಹಕ್ಕಿಗೆ ಕಪ್ಪು ಅಡಗಲಿಕ್ಕಲ್ಲ. ಪಕ್ಕದ ನೀಲಿಯನ್ನೂ ಹಳದಿಯನ್ನೂ ಝಗ್ಗನೆ ಎದ್ದು ಕಾಣಿಸಿ ಹೆಣ್ಣನ್ನು ಒಲಿಸಲಿಕ್ಕೆ. ನ್ಯೂಹೇವನ್ನಿನಿಂದ ಫ್ರಾಂಕ್‌ಫರ್ಟಿನವರೆಗೆ ಮನುಷ್ಯರು ಹಿಡಿದದ್ದು ಹಕ್ಕಿಯ ದಾರಿಯನ್ನೇ. ವ್ಯತ್ಯಾಸವೆಂದರೆ ಹಕ್ಕಿ ಗರಿಯ ಜೊತೆಗೆ ಕುಣಿಯಲೂ ಕಲಿತಿದೆ.

ಮೀನಿನ ದಾರಿ ಹಿಡಿದವರೂ ಇದ್ದಾರೆ. ಹಿಡಿದ ದಾರಿಯೇ ಅದಾದ್ದರಿಂದ ಅವರು ಸುದ್ದಿಯಾಗುವುದು ಕಡಿಮೆ. ದೂರದರ್ಶಕದ ಕೊಳವೆಯೊಳಗೆ ಅಡ್ಡಾದಿಡ್ಡಿ ಅಲೆಯುವ ಬೆಳಕನ್ನು ನುಂಗಿ, ಮಂಕು ನಕ್ಷತ್ರವನ್ನು ಕಾಣಿಸಿಕೊಡುವುದು ಕಡುಗಪ್ಪಿನ ಅಸಲಿ ಕೆಲಸ. ನಾಸಾದ ಗೊಡಾರ್ಡ್ ಕೇಂದ್ರ ನ್ಯಾನೊಕೊಳವೆಗಳ ಹಿಂದೆ ಬಿದ್ದದ್ದು ಇದಕ್ಕಾಗಿಯೇ. ಅಲೆಮಾರಿ ಬೆಳಕಿನ ಕಾಟ ಎಷ್ಟೆಂಬುದು ತಿಳಿಯಬೇಕಾದರೆ ದೂರ ಹೋಗಬೇಕಾಗಿಲ್ಲ, ಹೊಸಕೋಟೆ ಸಾಕು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ ಸಿದ್ಧವಾಗಿ, 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯಲ್ಲಿ ಹೊರಟ ಉಪಕರಣ ನೋಡಬೇಕಾದದ್ದು ಸೂರ್ಯನ ಕರೋನಾವನ್ನು. ಪಕ್ಕದ ಸೂರ್ಯಬಿಂಬದ ಎದುರು ಅದರ ಪ್ರಖರತೆ ಹತ್ತು ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು. ಅಂಥಲ್ಲಿ ತಪ್ಪಿಸಿಕೊಂಡ ಒಂದೆಳೆ ಬೆಳಕೂ ಇಡೀ ನೋಟವನ್ನು ಕೆಡಿಸೀತು. ಅಲ್ಲಿನ ಎಂಜಿನಿಯರುಗಳು ಬೆಳಕಿನ ಜೊತೆ ನಡೆಸಿದ ಹೋರಾಟದ ಬಗ್ಗೆ ಯಾರೂ ಬೆರಳೆತ್ತಿ ಚಿತ್ರ ಹಾಕಲಿಲ್ಲ.

ನುಂಗುವುದಕ್ಕೂ ಒಂದು ಕಟ್ಟಳೆ ಇದೆ, ಅದೂ ಕಿರ್ಚಾಫನದೇ: ಚೆನ್ನಾಗಿ ಹೀರುವ ವಸ್ತು ಚೆನ್ನಾಗಿ ಹೊರಸೂಸಲೂ ಬೇಕು. ಬೆಳಕಾಗಿ ನುಂಗಿದ್ದನ್ನು ಶಾಖವಾಗಿ ಕಕ್ಕಬೇಕು. 2020ರ ಜನವರಿಯಲ್ಲಿ ಸ್ಪೇಸ್‌ಎಕ್ಸ್ ಕಂಪನಿ, ಖಗೋಳಜ್ಞರ ದೂರು ತಾಳಲಾರದೆ, ಸ್ಟಾರ್‌ಲಿಂಕ್ ಉಪಗ್ರಹವೊಂದಕ್ಕೆ ಕಪ್ಪು ಮೆತ್ತಿ ಹಾರಿಸಿತು. ಹೊಳಪು ಸುಮಾರು ಅರ್ಧಕ್ಕಿಳಿಯಿತು, ಆದರೆ ಮೈ ಕಾಯತೊಡಗಿತು. ಕೊನೆಗೆ ಬಣ್ಣ ಬಿಟ್ಟು ಬಿಸಿಲುಮರೆ ಕಟ್ಟುವ ಉಪಾಯಕ್ಕೆ ಹೊರಳಿದರು. ಭೌತಶಾಸ್ತ್ರದಲ್ಲಿ ನುಂಗಿ ದಕ್ಕಿಸಿಕೊಳ್ಳಲು ಆಗುವುದಿಲ್ಲ. ಲೋಕಾಯುಕ್ತರ ನೆರವಿಲ್ಲದೆ ಅಲ್ಲಿ ಎಲ್ಲವೂ ಹೊರಬರುತ್ತದೆ.

ಇಷ್ಟೆಲ್ಲ ಆದರೂ ಹಳೇ ತೊಂದರೆ ಉಳಿದೇ ಇತ್ತು. ನ್ಯಾನೊಕೊಳವೆಗಳ ಕಪ್ಪು ಬೆರಳು ಸೋಕಿದರೆ ಅಪ್ಪಚ್ಚಿ. 2023ರಲ್ಲಿ ಜಪಾನಿನ ಕೈಗಾರಿಕಾ ಸಂಶೋಧನಾ ಸಂಸ್ಥೆಯವರು ಮುಟ್ಟಿದರೂ ಕೆಡದ, ಕಣ್ಣಿಗೆ ಕಾಣುವ ಬೆಳಕಿನ 99.98 ಪಾಲನ್ನು ನುಂಗುವ ಕಪ್ಪು ಹಾಳೆಯನ್ನು ಮಾಡಿದರು. ಮೈಮೇಲೆಲ್ಲ ಸೂಕ್ಷ್ಮ ಕುಳಿಗಳು. ಮೂಲದ್ರವ್ಯ ಏನೆಂದು ಕೇಳಿದರೆ ಗೇರು ಎಣ್ಣೆಯ ರಾಳ. ಹೌದು, ಗೇರುಬೀಜದ ಸಿಪ್ಪೆಯ ಎಣ್ಣೆ. ಕೊಳವೆ, 400 ಡಿಗ್ರಿ, ಏಕಸ್ವಾಮ್ಯ, ವಜ್ರ ಎಲ್ಲ ದಾಟಿ ಬಂದು ಗಟ್ಟಿಮುಟ್ಟಾದ ಕಪ್ಪು ಕೊನೆಗೆ ಸಿಕ್ಕಿದ್ದು ಕರಾವಳಿಯವರು ಎಂದಿನಿಂದಲೋ ದೋಣಿಗೆ, ಮರಮುಟ್ಟಿಗೆ ಬಳಿಯುತ್ತಿದ್ದ ಎಣ್ಣೆಯಲ್ಲಿ.

ಈ ಎಣ್ಣೆ ಬಾಳುವ ಕಪ್ಪು ಕೊಡುತ್ತದೆ ಎಂಬುದಕ್ಕೆ ಜಪಾನಿನ ಪ್ರಯೋಗಾಲಯದ ಸಾಕ್ಷಿ ಬೇಕಿರಲಿಲ್ಲ. ಮಂಗಳೂರು ಸೀಮೆಯ ಗೇರುಬೀಜ ಕಾರ್ಖಾನೆಗಳಲ್ಲಿ ಬೀಜ ಒಡೆದ ಹೆಂಗಸರ ಬೆರಳುಗಳ ಮೇಲೆ ಆ ಪರೀಕ್ಷೆ ದಶಕಗಟ್ಟಲೆ ನಡೆದಿದೆ. ಎಣ್ಣೆ ತಾಗಿದಲ್ಲಿ ಚರ್ಮ ಸುಡುತ್ತದೆ, ಸುಲಿಯುತ್ತದೆ, ಕಪ್ಪಾಗುತ್ತದೆ. ಸೋಪಿಗೂ ಜಗ್ಗುವುದಿಲ್ಲ. ಯಂತ್ರಗಳು ಬಂದ ಮೇಲೆ ಈ ಪ್ರಯೋಗ ಕಡಿಮೆಯಾಗಿದೆ ಅಷ್ಟೆ. ಆ ಕಪ್ಪು ಎಷ್ಟು ಪಾಲು ಬೆಳಕು ನುಂಗುತ್ತದೆ ಎಂದು ಅಳೆಯಲು ಯಾವ ಸ್ಪೆಕ್ಟ್ರೋಮೀಟರೂ ಅತ್ತ ಹೋಗಿಲ್ಲ, ಗಿನ್ನೆಸ್‌ನವರೂ ಬಂದಿಲ್ಲ. ಅದನ್ನು ಪಡೆಯಲು ‘ನಾನು ಅನೀಶ್ ಕಪೂರ್ ಅಲ್ಲ’ ಎಂದು ಬರೆದುಕೊಡಬೇಕಾಗಿಯೂ ಇಲ್ಲ. ಬೆಳಿಗ್ಗೆ ಹೋಗಿ ಕೂಲಿಗೆ ಹೆಸರು ಬರೆಸಿದರಾಯಿತು. ಇಷ್ಟು ವರ್ಷವಾದರೂ ಅದರ ಮೇಲೆ ಯಾವ ಕಲಾವಿದರೂ ಏಕಸ್ವಾಮ್ಯ ಕೇಳಿ ಅರ್ಜಿ ಹಾಕಿಲ್ಲ.